11ನೇ ಪುಟದ ಮುಖ: ಮಂಗಳೂರಿನ ಒಂದು ಕಾಮಿಕ್ಸ್ ಸಂತೆಯ ಪ್ರಕರಣ ಅಧ್ಯಯನ

ನಾವು ಐದು ಜನ ಸೇರಿ ಮಂಗಳೂರಿನಲ್ಲಿ ಎರಡು ಸಲ ಕಾಮಿಕ್ಸ್ ಸಂತೆ ಮಾಡಿದೆವು, ಅಂದರೆ ಕಲಾವಿದರು ತಾವೇ ಮಾಡಿದ ಚಿತ್ರಕಥೆಗಳನ್ನು ಮೇಜು ಹಾಕಿ ಮಾರುವ ಸಂತೆ. ಮೊದಲನೆಯದು ಡಿಸೆಂಬರಿನಲ್ಲಿ, ಎರಡನೆಯದು ಅದರ ಮುಂದಿನ ಜುಲೈಯಲ್ಲಿ. ಮೊದಲನೆಯದು ಸೋತಿತು. ಎರಡನೆಯದು ಜನರಿಗೆ ಹಿಡಿಸಿತು. ಎರಡರಲ್ಲೂ ಹಾಲ್ ಅದೇ, ಬಲ್ಲಾಳ್‌ಬಾಗ್ ಹತ್ತಿರದ್ದು. ಹಣ ಜಾಸ್ತಿ ಆಗಿರಲಿಲ್ಲ, ದೊಡ್ಡ ಹೆಸರಿನವರು ಯಾರೂ ಹೊಸದಾಗಿ ಬಂದಿರಲಿಲ್ಲ. ಹಾಗಾದರೆ ಏನು ಬದಲಾಯಿತು ಅಂತ ಉಡುಪಿಯ, ಕುಂದಾಪುರದ ಕೆಲವು ಗೆಳೆಯರು ಕೇಳುತ್ತಲೇ ಇದ್ದಾರೆ, ಅವರಿಗೂ ಇಂಥದ್ದೊಂದು ಮಾಡುವ ಆಸೆ ಇದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಐದು ಜನರಲ್ಲಿ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿತ್ತು, ಆದ್ದರಿಂದ ದುಡ್ಡಿನ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ.

ಇಡೀ ಸಂತೆಯ ಬಗ್ಗೆ ಹೇಳಹೊರಟರೆ ಅದು ವರದಿಯಾಗುತ್ತದೆ. ಅದಕ್ಕೆ ಒಬ್ಬ ಹುಡುಗಿಯನ್ನು, ಅವಳ 16 ಪುಟದ ಒಂದು ಪುಸ್ತಿಕೆಯನ್ನು ಹಿಡಿದುಕೊಂಡು ಹೋಗುತ್ತೇನೆ. ಅವಳು ಕಾಪು ಕಡೆಯವಳು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಪುಸ್ತಿಕೆಯ ವಿಷಯ ಅವಳ ಅಜ್ಜಿ ಬೀಡಿ ಕಟ್ಟುವುದು, ಅಷ್ಟೇ. ಮಡಿಲಲ್ಲಿ ಗೆರಸೆ, ನಮ್ಮ ಕಡೆ ತಡ್ಪೆ ಅಂತಾರೆ, ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿದ ಎಲೆ, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತುವುದು, ನೂಲು ಕಟ್ಟುವುದು, ಸಂಜೆ ಕಟ್ಟುಗಳನ್ನು ಚೀಲಕ್ಕೆ ತುಂಬಿ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ನಡೆಯುವುದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟು ಮನೆಗಳ ಮಕ್ಕಳ ಫೀಸು, ಎಷ್ಟು ಹೆಣ್ಣುಮಕ್ಕಳ ಕಿವಿಯೋಲೆ ಈ ಬ್ರಾಂಚಿನ ದುಡ್ಡಿನಿಂದ ಆಗಿದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದನ್ನು ಚಿತ್ರಕಥೆಯಾಗಿ ನಾನು ಎಲ್ಲೂ ನೋಡಿರಲಿಲ್ಲ. ಮೊದಲ ಸಲ ಪೆನ್ಸಿಲ್ ಪುಟಗಳನ್ನು ನೋಡಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ನನ್ನ ದೊಡ್ಡಮ್ಮನ ಬೆರಳು ಅದರಲ್ಲಿ ಇತ್ತು.

ಸ್ವತಂತ್ರ ಕಾಮಿಕ್ಸ್ ಅಂದರೆ ಏನು ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಕಥೆ, ಚಿತ್ರ, ಅಕ್ಷರ, ಮುದ್ರಣದ ಖರ್ಚು, ಮಾರಾಟ ಎಲ್ಲವೂ ಮಾಡಿದವರದ್ದೇ. ಹಕ್ಕೂ ಅವರದ್ದೇ. ಇದನ್ನು ಅಚ್ಚು ಹಾಕಬಹುದಾ ಅಂತ ಯಾವ ಸಂಪಾದಕರನ್ನೂ ಕೇಳಬೇಕಾಗಿಲ್ಲ, ಹಾಗಾಗಿಯೇ ಅಜ್ಜಿ ಬೀಡಿ ಕಟ್ಟುವಂಥ ಕಥೆ ಇಲ್ಲಿ ಹುಟ್ಟುತ್ತದೆ.

ಡಿಸೆಂಬರ್

ಕರಾವಳಿಯಲ್ಲಿ ಕಾರ್ಯಕ್ರಮ ಅಂದರೆ ನಮ್ಮ ತಲೆಯಲ್ಲಿ ಒಂದು ಅಚ್ಚು ಇದೆ. ವೇದಿಕೆ, ಹಿಂದೆ ಬ್ಯಾನರ್, ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಮಾತು, ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆ. ನಾವೂ ಹಾಗೇ ಮಾಡಿದೆವು. ಕುರ್ಚಿಗಳೆಲ್ಲ ವೇದಿಕೆ ಕಡೆ. ಕಲಾವಿದರ 14 ಮೇಜುಗಳು ಹಿಂದಿನ ಗೋಡೆಗೆ ತಾಗಿ, ಜನರ ಬೆನ್ನ ಹಿಂದೆ. 10 ಗಂಟೆಗೆ ಅಂತ ಹೇಳಿದ್ದು 10.45ಕ್ಕೆ ಶುರುವಾಯಿತು, ಮುಗಿದದ್ದು 12.30ಕ್ಕೆ.

ಭಾಷಣ ಕೆಟ್ಟದಾಗಿತ್ತು ಅಂತಲ್ಲ. ಒಬ್ಬ ಅತಿಥಿ ಅನಂತ ಪೈ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಅವರು 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಮಕ್ಕಳ ಪತ್ರಿಕೆ ಟಿಂಕಲ್ ಶುರು ಮಾಡಿದರು. ದೇಶದ ಅಷ್ಟು ಮಕ್ಕಳಿಗೆ ಚಿತ್ರಕಥೆ ಓದುವ ಹುಚ್ಚು ಹಿಡಿಸಿದವರು ಕಾರ್ಕಳದವರು ಅನ್ನುವುದು ನಮಗೆಲ್ಲ ಹೆಮ್ಮೆಯೇ. ದೆಹಲಿಯಲ್ಲಿ 2011ರ ಫೆಬ್ರವರಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್ ಜಾತ್ರೆ ನಡೆದಾಗ ಜೀವಮಾನ ಸಾಧನೆಯ ಗೌರವ ಅವರಿಗೇ ಸಂದಿತು, ಅದಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದರೆ ಅತಿಥಿಗಳು ಇದನ್ನು ಹೇಳುತ್ತಿದ್ದ ಹೊತ್ತಿಗೆ, ಈಗ ಇದೇ ಊರಲ್ಲಿ ಕೂತು ಚಿತ್ರ ಬಿಡಿಸುತ್ತಿರುವ 14 ಜನ ಹಿಂದುಗಡೆ ಮೇಜಿಗೆ ಕೈ ಊರಿ ಸುಮ್ಮನೆ ನಿಂತಿದ್ದರು. ಅವರತ್ತ ಒಂದು ಮುಖವೂ ತಿರುಗಿರಲಿಲ್ಲ. ಸಭೆ ಮುಗಿದದ್ದೇ ಊಟದ ಹೊತ್ತು. ಊಟಕ್ಕೆ ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಬರಲಿಲ್ಲ. ಅದೂ ಡಿಸೆಂಬರಿನ ಭಾನುವಾರ. ಮದುವೆ, ಶಾಲಾ ವಾರ್ಷಿಕೋತ್ಸವ, ಊರಿನ ದೈವದ ಕೋಲ, ರಾತ್ರಿಗೆ ಯಕ್ಷಗಾನ ಮೇಳದ ಆಟ, ಎಲ್ಲವೂ ಅದೇ ದಿನ ಇರುತ್ತದೆ. ನಾವು ದಿನ ಆರಿಸುವಾಗ ಹಾಲ್ ಖಾಲಿ ಇದೆಯಾ ಅಂತ ಮಾತ್ರ ನೋಡಿದ್ದೆವು.

ಹುಡುಗಿಯ ಕಷ್ಟ ಬೇರೆಯೇ ಇತ್ತು. ಅವಳು ಪುಸ್ತಿಕೆಯನ್ನು ಒಂದು ಪ್ರೆಸ್ಸಿಗೆ ಕೊಟ್ಟಿದ್ದಳು. 50 ಪ್ರತಿ ಸಾಕು ಅಂತ ಅವಳ ಲೆಕ್ಕ. ಪ್ರೆಸ್ಸಿನವರು, 300 ಮಾಡಿಸಿದರೆ ಒಂದಕ್ಕೆ 14 ರೂಪಾಯಿ ಬೀಳುತ್ತದೆ, 50ಕ್ಕಾದರೆ ಪ್ಲೇಟಿನ ಖರ್ಚೇ ಹೊರೆ ಅಂದರು. ಆಫ್‌ಸೆಟ್ ಮುದ್ರಣದಲ್ಲಿ ಆ ಮಾತು ಸರಿಯೇ. 4,200 ರೂಪಾಯಿ ಕೊಟ್ಟು 300 ಮಾಡಿಸಿದಳು. ಸಂತೆಯ ಹಿಂದಿನ ಸಂಜೆ ಕಟ್ಟು ಬಿಚ್ಚಿದಾಗ ಮೊದಲ ಪುಟದಲ್ಲೇ 'ಅಜ್ಜಿ' ಇರಬೇಕಾದ ಕಡೆ 'ಅಜ್‌ಜಿ' ಅಂತ ಇತ್ತು. ಬ್ರಾಂಚ್ ಅನ್ನುವುದು 'ಬ್‌ರಾಂಚ್' ಆಗಿತ್ತು. ಒಂದು ಒತ್ತಕ್ಷರವೂ ಉಳಿದಿರಲಿಲ್ಲ. ಅವಳು ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿದ್ದಳು, ಪ್ರೆಸ್ಸಿನ ಹಳೆಯ ಸಾಫ್ಟ್‌ವೇರಿಗೆ ಅದನ್ನು ಜೋಡಿಸಲು ಬರುತ್ತಿರಲಿಲ್ಲ, ಕನ್ನಡ ಓದಿ ನೋಡುವವರು ಆ ದಿನ ಅಲ್ಲಿ ಯಾರೂ ಇರಲಿಲ್ಲ ಅಂತ ಕಾಣುತ್ತದೆ. ಅಜ್ಜಿಯ ಬಗ್ಗೆ ಬರೆದ ಪುಸ್ತಕದಲ್ಲಿ ಅಜ್ಜಿ ಅನ್ನುವ ಪದವೇ ಮುರಿದುಹೋಗಿತ್ತು. ಅವಳು ಅತ್ತಳು. ನಮಗೆ ಏನು ಹೇಳುವುದು ಅಂತ ಗೊತ್ತಾಗಲಿಲ್ಲ.

ಆದರೂ ಮೇಜಿನ ಮೇಲೆ ಇಟ್ಟಳು. 60 ರೂಪಾಯಿ ಬೆಲೆ, 23 ಹೋಯಿತು. 1,380 ರೂಪಾಯಿ. ಉಳಿದ 277 ಪ್ರತಿ ಮನೆಯ ಅಟ್ಟಕ್ಕೆ ಹೋಗಿ, ಮಳೆಗಾಲ ಬರುವ ಮೊದಲೇ ಅರ್ಧಕ್ಕೆ ಗೆದ್ದಲು ಹಿಡಿಯಿತು.

ನಡುವಿನ ಏಳು ತಿಂಗಳು

ಸಂತೆ ಮುಗಿದ ಮೇಲೆ ನಾವು ಐದು ಜನ ಕದ್ರಿ ಪಾರ್ಕಿನಲ್ಲಿ ಕೂತು ಮಾತಾಡಿದೆವು. ಯಾರ ಮೇಲೂ ತಪ್ಪು ಹೊರಿಸುವುದು ಬೇಡ, ಏನು ಮಾಡಿದ್ದೇವೆ ಅಂತ ಮಾತ್ರ ನೋಡೋಣ ಅಂತ. ಆಗ ನಮ್ಮಲ್ಲೊಬ್ಬ ಜಪಾನಿನ ಕಾಮಿಕೆಟ್ ಅನ್ನುವ ಕಾಮಿಕ್ಸ್ ಸಂತೆಯ ಬಗ್ಗೆ ಹೇಳಿದ. ಟೋಕಿಯೋದಲ್ಲಿ 1975ರ ಡಿಸೆಂಬರ್ 21ರಂದು ಅದು ಮೊದಲು ನಡೆದಾಗ ಇದ್ದದ್ದು 32 ಗುಂಪು, ಬಂದದ್ದು ಸುಮಾರು 700 ಜನ. ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಸಂಖ್ಯೆ ಅಲ್ಲ. ಅಲ್ಲಿ ಗಿರಾಕಿ ಅಂತ ಯಾರನ್ನೂ ಕರೆಯುವುದಿಲ್ಲವಂತೆ. ಮಾರುವವರು, ಕೊಳ್ಳುವವರು, ಕುರ್ಚಿ ಎತ್ತಿಡುವವರು ಎಲ್ಲರನ್ನೂ ಭಾಗವಹಿಸುವವರು ಅಂತಲೇ ಕರೆಯುವುದು. ನಮ್ಮ ಡಿಸೆಂಬರಿನಲ್ಲಿ ಬಂದವರು ಸಭಿಕರಾಗಿದ್ದರು, ಕಲಾವಿದರೂ ಸಭಿಕರಾಗಿದ್ದರು. ಭಾಗವಹಿಸಿದ್ದು ವೇದಿಕೆಯ ಮೇಲಿನ ಆರು ಜನ ಮಾತ್ರ.

ಅಲ್ಲಿಂದ ನಿರ್ಧಾರ ಸಲೀಸಾಯಿತು. ವೇದಿಕೆ ಬೇಡ. ಮೇಜುಗಳು ಹಾಲಿನ ಮಧ್ಯಕ್ಕೆ ಬರಬೇಕು. ಬಾಗಿಲು ತೆರೆದ ಕ್ಷಣ ಸಂತೆ ಶುರು. ಒಂದೇ ಒಂದು ಕಾರ್ಯಕ್ರಮ ಇಡೋಣ, ಅದರಲ್ಲಿ ಚಿತ್ರ ಅಲ್ಲೇ ಹುಟ್ಟಬೇಕು, ನೋಡುವವರ ಮಾತಿಗೆ ಚಿತ್ರ ಬದಲಾಗಬೇಕು.

ದಿನದ ಬಗ್ಗೆ ಮಾತ್ರ ಜಗಳವೇ ಆಯಿತು. ನಾನು ಜುಲೈ ಅಂದೆ. ಮಳೆಗಾಲದಲ್ಲಿ ಪೇಪರಿನ ಸಂತೆಯಾ ಅಂತ ಎಲ್ಲರೂ ಬೈದರು. ನನ್ನ ವಾದ ಇಷ್ಟು: ತುಳುವರ ಪತ್ತನಾಜೆ ದಿನ ಕಳೆದ ಮೇಲೆ, ಅಂದರೆ ಮೇ ಕೊನೆಯಿಂದ, ಕೋಲ ನೇಮ ಇಲ್ಲ, ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಮದುವೆ ಕಮ್ಮಿ, ಹಾಲ್ ಬಾಡಿಗೆಯೂ ಇಳಿದಿರುತ್ತದೆ. ಜನರಿಗೆ ಭಾನುವಾರ ಎಲ್ಲಿಗಾದರೂ ಹೋಗಬೇಕು, ಹೋಗಲು ಜಾಗ ಇರುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ಜುಲೈ 1 ಕನ್ನಡ ಪತ್ರಿಕಾ ದಿನ. 1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಅದು ಅಚ್ಚಿನ ಮೊಳೆ ಜೋಡಿಸಿ ಮಾಡಿದ್ದಲ್ಲ, ಕಲ್ಲಚ್ಚು. ಕೈಬರಹವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿದದ್ದು. ಸಣ್ಣ ಪತ್ರಿಕೆ, ಕೆಲವೇ ಹಾಳೆ, ಕೈಯಲ್ಲಿ ಬರೆದ ಅಕ್ಷರ. ನಾವು ಮಾಡುತ್ತಿರುವ ಕೆಲಸಕ್ಕೆ ಈ ಊರಿನಲ್ಲಿ ಇದಕ್ಕಿಂತ ಹತ್ತಿರದ ನೆಂಟ ಬೇಕಾ? ಜುಲೈ ಮೊದಲ ಭಾನುವಾರ ಅಂತ ಗೊತ್ತಾಯಿತು.

ಕೈಬರಹದ ಈ ಮಾತು ಹುಡುಗಿಗೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಅಕ್ಷರ ಮುರಿಯದ ಹಾಗೆ ಮಾಡಲು ಎರಡು ದಾರಿ ಇದೆ. ಟೈಪ್ ಮಾಡಿದ್ದನ್ನು ಪ್ರೆಸ್ಸಿಗೆ ಕೊಡುವ ಮೊದಲೇ ಔಟ್‌ಲೈನ್ ಮಾಡಿಬಿಡುವುದು, ಆಗ ಅದು ಅಕ್ಷರವಾಗಿ ಉಳಿಯದೆ ಬರೀ ಚಿತ್ರವಾಗುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಜಾರುವುದಿಲ್ಲ. ಇಲ್ಲವಾದರೆ ಎಲ್ಲವನ್ನೂ ಕೈಯಲ್ಲಿ ಬರೆಯುವುದು. ಅವಳು ಎರಡನೆಯದನ್ನು ಹಿಡಿದಳು, ಇಡೀ ಪುಸ್ತಿಕೆಯನ್ನು ಮತ್ತೆ ಬರೆದಳು. ಪಕ್ಕದಲ್ಲಿ ಕೂತು ನೋಡಿದ್ದರಿಂದ ಹೇಳುತ್ತೇನೆ, ಕನ್ನಡದಲ್ಲಿ ಮಾತಿನ ಗುಳ್ಳೆ ತುಂಬುವುದು ಸುಲಭದ ಕೆಲಸ ಅಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಸಾಲಿನ ನಡುವೆ ಹೆಚ್ಚುಕಮ್ಮಿ ಒಂದು ಅಕ್ಷರದಷ್ಟು ಜಾಗ ಬಿಡದೆ ಹೋದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಪದಗಳೂ ಉದ್ದ. 'ಕೊಡುವುದಿಲ್ಲವಂತೆ' ಅನ್ನುವ ಒಂದೇ ಪದ ಸಣ್ಣ ಗುಳ್ಳೆಯ ಅಗಲವನ್ನೆಲ್ಲ ತಿನ್ನುತ್ತದೆ. ಅದಕ್ಕೆ ಅವಳು ಮೊದಲು ಮಾತು ಬರೆದು, ಆಮೇಲೆ ಅದರ ಸುತ್ತ ಗುಳ್ಳೆ ಎಳೆದು, ಕೊನೆಗೆ ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸಿದಳು. ಎ4 ಹಾಳೆಯಲ್ಲಿ ಬಿಡಿಸಿ ಎ5ಕ್ಕೆ ಇಳಿಸುವುದಾದ್ದರಿಂದ 4 ಮಿಲಿಮೀಟರಿನ ಅಕ್ಷರ ಅಚ್ಚಾಗುವಾಗ 3ಕ್ಕಿಂತ ಸ್ವಲ್ಪ ಕಮ್ಮಿಗೆ ಬರುತ್ತದೆ. ಅದಕ್ಕಿಂತ ಸಣ್ಣದಾದರೆ ಅಜ್ಜಿಯಂದಿರು ಓದುವುದಿಲ್ಲ.

ಭಾಷೆಯನ್ನೂ ಆಗಲೇ ಬದಲಾಯಿಸಿದಳು. ಡಿಸೆಂಬರಿನ ಪುಸ್ತಿಕೆಯಲ್ಲಿ ಅಜ್ಜಿ ಶಾಲೆಯ ಪಾಠದಂತೆ ಶುದ್ಧ ಕನ್ನಡ ಮಾತಾಡುತ್ತಿದ್ದರು. ಈ ಸಲ ಚೌಕದ ವಿವರಣೆ ಕನ್ನಡದಲ್ಲಿ, ಗುಳ್ಳೆಯ ಮಾತು ತುಳುವಿನಲ್ಲಿ, ಎರಡೂ ಕನ್ನಡ ಲಿಪಿಯಲ್ಲೇ. ಮೊಮ್ಮಗಳು ಕಾಲೇಜಿನಿಂದ ಬಂದಾಗ ಅಜ್ಜಿ ತಲೆ ಎತ್ತದೆ 'ಒಣಸ್ ಆಂಡಾ?' ಅಂತ ಕೇಳುವ ಪುಟ ಇದೆ. ಊಟ ಆಯ್ತಾ ಅಂತ. ತುಳು ಬಾರದ ನನ್ನ ಹುಬ್ಬಳ್ಳಿ ಸ್ನೇಹಿತನಿಗೂ ಚಿತ್ರ ನೋಡಿದರೆ ಅರ್ಥವಾಯಿತು.

ಮುದ್ರಣವನ್ನು ಜೆರಾಕ್ಸ್ ಅಂಗಡಿಗೆ ತಂದೆವು. ಎ4 ಹಾಳೆಯ ಎರಡೂ ಬದಿ ಸೇರಿ 2 ರೂಪಾಯಿ. ಒಂದು ಹಾಳೆ ಮಡಚಿದರೆ 4 ಪುಟ, ಒಳಗೆ 3 ಹಾಳೆ, ಹೊರಗೆ ದಪ್ಪ ಕಾರ್ಡಿನ ಬಣ್ಣದ ಹೊದಿಕೆ 12 ರೂಪಾಯಿ. ಒಟ್ಟು 18 ರೂಪಾಯಿ. ಆಫ್‌ಸೆಟ್‌ಗಿಂತ ಒಂದಕ್ಕೆ 4 ರೂಪಾಯಿ ಜಾಸ್ತಿ. ಆದರೆ 80 ಬೇಕಾದರೆ 80 ಮಾತ್ರ ಮಾಡಿಸಬಹುದು, ತಪ್ಪು ಕಂಡರೆ 81ನೆಯದನ್ನು ತಿದ್ದಬಹುದು. ಮೊದಲ ಪುಸ್ತಿಕೆ ಮಾಡುವವರಿಗೆ ನನ್ನ ಕಡೆಯಿಂದ ಒಂದೇ ಸಲಹೆ ಅಂದರೆ ಇದು. ಒಂದಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಬೇಡಿ, ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಅಂತ ನೋಡಿ.

ಮಳೆಯ ಉಪದ್ರ ನಿಜವಾಗಿಯೂ ಇತ್ತು. ಜೂನಿನಲ್ಲಿ ಕಾಗದ ಗಾಳಿಯ ತೇವ ಕುಡಿದು ಸುರುಳಿಯಾಗುತ್ತದೆ, ಮಾರ್ಕರ್ ಇಟ್ಟರೆ ಗೆರೆ ಒಡೆದು ಹರಡುತ್ತದೆ, ಶಾಯಿ ಬೇಗ ಒಣಗುವುದಿಲ್ಲ, ಒಣಗಿತು ಅಂತ ರಬ್ಬರ್ ಉಜ್ಜಿದರೆ ಇಡೀ ಮುಖ ಕಪ್ಪು. ಸ್ಟೇಪ್ಲರ್ ಪಿನ್ನಿಗೆ ವಾರದಲ್ಲೇ ತುಕ್ಕು. ಉಪಾಯ ಹೇಳಿದ್ದು ಹುಡುಗಿಯ ಅಜ್ಜಿಯೇ. ಹಲಸಿನ ಹಪ್ಪಳ ಇಡುವ ಡಬ್ಬದಲ್ಲಿ ಇಡು ಅಂದರು. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ತಗಡಿನ ಡಬ್ಬ. 80 ಪ್ರತಿಯೂ, ಖಾಲಿ ಹಾಳೆಗಳೂ ಸಂತೆಯ ದಿನದವರೆಗೆ ಅದರಲ್ಲೇ ಇದ್ದವು. ಪುಸ್ತಕ ತೆರೆದರೆ ಸ್ವಲ್ಪ ಹಪ್ಪಳದ ವಾಸನೆ ಬರುತ್ತಿತ್ತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಜುಲೈ

ಬೆಳಿಗ್ಗೆ 9.30ಕ್ಕೆ ಬಾಗಿಲು ತೆರೆದಾಗ ಮಳೆ ಹೊಯ್ಯುತ್ತಿತ್ತು. ಬಾಗಿಲಲ್ಲಿ ಗೋಣಿಚೀಲ ಹಾಸಿದೆವು, ಕೊಡೆಗೆ ಬಕೆಟ್ ಇಟ್ಟೆವು. 18 ಮೇಜು, ಹಾಲಿನ ಮಧ್ಯದಲ್ಲಿ ದೊಡ್ಡ ಆಯತವಾಗಿ, ಕಲಾವಿದರು ಒಳಗೆ, ಜನ ಸುತ್ತ. ದೀಪ ಇಲ್ಲ, ಸ್ವಾಗತ ಇಲ್ಲ. ಮೊದಲು ಬಂದವರಿಗೆ ಸ್ವಲ್ಪ ಗಲಿಬಿಲಿ ಆಯಿತು, ಕುರ್ಚಿ ಎಲ್ಲಿ ಅಂತ ಹುಡುಕಿದರು. ಆಮೇಲೆ ಮೇಜಿನಿಂದ ಮೇಜಿಗೆ ಹೋಗಲು ಶುರು ಮಾಡಿದರು. ಇದನ್ನು ಯಾರು ಬಿಡಿಸಿದ್ದು ಅಂತ ಕೇಳುವುದು, ನಾನೇ ಅಂತ ಎದುರಿಗೆ ಕೂತವರು ಹೇಳುವುದು, ಕೇಳಿದವರು ಒಂದು ಕ್ಷಣ ಆ ಮುಖವನ್ನೂ ಪುಟವನ್ನೂ ನೋಡುವುದು. ಡಿಸೆಂಬರಿನಲ್ಲಿ ಈ ಮಾತುಕತೆ ಒಂದೆರಡು ಸಲ ನಡೆದಿದ್ದರೆ ಹೆಚ್ಚು.

ಆ 18 ಅಲ್ಲದೆ ಇನ್ನೊಂದು ಮೇಜನ್ನು ಮಾರಾಟಕ್ಕೆ ಕೊಡದೆ, ಬರುವವರೇ ಕೂತು ಬಿಡಿಸಲಿ ಅಂತ ಇಟ್ಟಿದ್ದೆವು. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1990ರಲ್ಲಿ 24 ಗಂಟೆಯಲ್ಲಿ 24 ಪುಟದ ಕಾಮಿಕ್ಸ್ ಮಾಡುವ ಪಂಥ ಹಾಕಿಕೊಂಡಿದ್ದರು, 2004ರಿಂದ ಅದಕ್ಕೆಂದೇ ಒಂದು ದಿನ ಇಟ್ಟುಕೊಂಡು ಹಲವು ಕಡೆ ಮಾಡುತ್ತಾರೆ. ನಾವು ಅದನ್ನು ಒಂದು ಹಾಳೆಗೆ ಇಳಿಸಿದೆವು. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ 8 ಚೌಕ. ನಡುವಿನ ಮಡಿಕೆಯಲ್ಲಿ ಎರಡು ಚೌಕದ ಉದ್ದಕ್ಕೆ ಕತ್ತರಿ ಹಾಕಿ, ಎರಡು ತುದಿಯಿಂದ ಒಳಗೆ ತಳ್ಳಿದರೆ 8 ಪುಟದ ಪುಸ್ತಕ ತಾನಾಗಿ ಏಳುತ್ತದೆ. ಅಂಟೂ ಬೇಡ, ಪಿನ್ನೂ ಬೇಡ. ಮಕ್ಕಳು ಮುತ್ತಿಕೊಂಡರು. ಮಳೆಗೆ ನಿಂತ ಒಬ್ಬ ಆಟೋ ಚಾಲಕರು ಸುಮ್ನೆ ನೋಡುತ್ತಿದ್ದವರು ಕೂತು, ಸೀಟಿನಲ್ಲಿ ಕೊಡೆ ಮರೆತು ಹೋದ ಪ್ಯಾಸೆಂಜರನ್ನು ಹುಡುಕುವ ಕಥೆಯನ್ನು 7 ಪುಟದಲ್ಲಿ ಬರೆದು, ಕೊನೆಯ ಪುಟ ಖಾಲಿ ಬಿಟ್ಟರು. ಯಾಕೆ ಅಂತ ಕೇಳಿದರೆ, ಆ ಕೊಡೆ ಇನ್ನೂ ನನ್ನ ಗಾಡಿಯಲ್ಲೇ ಇದೆ ಅಂದರು.

ಹಾಲಿನ ಒಂದು ಮೂಲೆಯಲ್ಲಿ ಮಧ್ಯಾಹ್ನ 3ಕ್ಕೆ ಆ ಒಂದೇ ಕಾರ್ಯಕ್ರಮ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ತಾಳಮದ್ದಳೆ ಗೊತ್ತಲ್ವಾ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅದಕ್ಕೆ ಮಾತು ಕಟ್ಟುತ್ತಾರೆ. ಪದ್ಯ ಒಂದೇ, ಆದರೆ ಅರ್ಥ ಪ್ರತಿ ದಿನ ಹೊಸದು. ಎದುರಿನವರು ಏನು ಕೇಳುತ್ತಾರೆ ಅಂತ ಮೊದಲೇ ತಿಳಿದಿರುವುದಿಲ್ಲ. ನಮಗೆ ಹೊಳೆದದ್ದು ಇಷ್ಟೇ: ಪದ್ಯದ ಜಾಗದಲ್ಲಿ ಚಿತ್ರ ಇಟ್ಟರೆ? ಗುಳ್ಳೆ ಖಾಲಿ ಇರುವ ಪುಟ ಪರದೆಯ ಮೇಲೆ, ಮಾತು ಅರ್ಥಧಾರಿಗಳದ್ದು. ಮಳೆಗಾಲ ತಾಳಮದ್ದಳೆಯ ಕಾಲವೇ ಆದ್ದರಿಂದ ಹವ್ಯಾಸಿ ಅರ್ಥಧಾರಿಗಳು ಸಿಕ್ಕಿದರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬ ಕಾಲೇಜು ಹುಡುಗ. ಭಾಗವತರು ಸಿಗಲಿಲ್ಲ, ಮದ್ದಳೆಯವರು ಬಂದರು. ಪುಟ ಬದಲಾಗುವಾಗ ಒಂದು ಪೆಟ್ಟು.

ತಾಂತ್ರಿಕ ವ್ಯವಸ್ಥೆ ಬಹಳ ಸರಳ. ಪಿವಿಸಿ ಪೈಪಿನ ಸ್ಟ್ಯಾಂಡಿನಲ್ಲಿ ಒಂದು ಮೊಬೈಲ್ ಕೆಳಮುಖವಾಗಿ, ಅದರಿಂದ ತಂತಿ ಪ್ರೊಜೆಕ್ಟರಿಗೆ. ಹುಡುಗಿ ಅದರ ಕೆಳಗೆ ಕೂತು ಬಿಡಿಸುತ್ತಾಳೆ, ಅವಳ ಕೈ, ಪೆನ್ನು, ಕಾಗದ ಗೋಡೆಯಷ್ಟು ದೊಡ್ಡದಾಗಿ ಎಲ್ಲರಿಗೂ ಕಾಣುತ್ತದೆ.

ಆರಿಸಿದ್ದು ಅವಳ ಪುಸ್ತಿಕೆಯ 10 ಮತ್ತು 11ನೇ ಪುಟ. ಅಜ್ಜಿ ಬ್ರಾಂಚಿಗೆ ಹೋಗಿದ್ದಾರೆ, ಬೀಡಿ ನೋಡುವವನು ಎರಡು ಕಟ್ಟು ಸರಿ ಇಲ್ಲ ಅಂತ ಪಕ್ಕಕ್ಕೆ ಹಾಕುತ್ತಾನೆ. ಮೇಷ್ಟ್ರು ಅಜ್ಜಿಯಾದರು, ಹುಡುಗ ಬ್ರಾಂಚಿನವನಾದ. ಹುಡುಗ ಗಟ್ಟಿಯಾಗಿಯೇ ಶುರು ಮಾಡಿದ. ಎಲೆ ನಾವು ಕೊಟ್ಟದ್ದು, ಹೊಗೆಸೊಪ್ಪು ನಾವು ಕೊಟ್ಟದ್ದು, ನೂಲು ನಾವು ಕೊಟ್ಟದ್ದು, ನಿಮ್ಮದು ಅಂತ ಇದರಲ್ಲಿ ಏನುಂಟು? ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನದು ಅಂತ ಇರುವುದು ಈ ಬೆನ್ನುನೋವು, ಅದನ್ನೂ ಪಕ್ಕಕ್ಕೆ ಹಾಕುತ್ತೀರಾ ಅಂದರು. ಇಡೀ ಹಾಲ್ ನಿಶ್ಶಬ್ದ. ಪರದೆಯ ಮೇಲೆ ಪೆನ್ನು ನಿಂತುಬಿಟ್ಟಿತ್ತು. ಆಮೇಲೆ ಅವಳು ಅಜ್ಜಿಯ ಬೆನ್ನು ಬಿಡಿಸಿದಳು, ಮುಖ ಅಲ್ಲ, ಹಿಂದಿನಿಂದ, ರವಿಕೆಯ ಕೆಳಗೆ ಬಾಗಿದ ಬೆನ್ನು. ಪುಸ್ತಿಕೆಯಲ್ಲಿ ಆ ಚಿತ್ರ ಇರಲಿಲ್ಲ.

ಮುಂದೆ ಬ್ರಾಂಚಿನವನ ಮುಖ. ಅಜ್ಜಿಯತ್ತ ಕಣ್ಣು ಕೆಂಪು ಮಾಡಿ ನೋಡುವ ಮುಖ, ಪುಸ್ತಿಕೆಯ 11ನೇ ಪುಟದಲ್ಲಿ ಇದ್ದ ಹಾಗೆಯೇ ಅವಳು ಎಳೆಯುತ್ತಿದ್ದಳು. ಹುಬ್ಬು ಗಂಟಿಕ್ಕಿದೆ, ಮೀಸೆ, ಬೆರಳು ತೋರಿಸುತ್ತಿದೆ. ಆಗ ಎರಡನೇ ಸಾಲಿನಿಂದ ಒಂದು ಧ್ವನಿ ಬಂತು. 'ಅಂಚ ಅತ್ತ್ ಮಗಾ. ಆಯೆ ಮೋನೆ ತೂಪುಜೆ.' ಹಾಗಲ್ಲ ಮಗಾ, ಅವನು ಮುಖ ನೋಡುವುದಿಲ್ಲ. ಅವಳ ಅಜ್ಜಿ. ಹಪ್ಪಳದ ಡಬ್ಬದ ಜೊತೆ ಅವರೂ ಬಂದಿದ್ದರು. ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಕೈಯಲ್ಲಿ ತೋರಿಸಿದರು. ತಲೆ ಕೆಳಗೆ, ಎಡಗೈಯಲ್ಲಿ ಕಟ್ಟು, ಬಲಗೈ ಹೆಬ್ಬೆರಳಲ್ಲಿ ಬೀಡಿಯ ತುದಿ ಸವರುವುದು, ಪಕ್ಕಕ್ಕೆ ಹಾಕುವುದು. ಅಷ್ಟೇ. ಬೈಯುವುದೂ ಇಲ್ಲ, ನೋಡುವುದೂ ಇಲ್ಲ. ಇಷ್ಟು ವರ್ಷದಲ್ಲಿ ಅವನ ತಲೆಯ ಮೇಲಿನ ಕೂದಲು ನೋಡಿದ್ದೇ ಜಾಸ್ತಿ ಅಂದರು.

ಹುಡುಗಿ ಆ ಹಾಳೆ ತೆಗೆದಿಟ್ಟು ಹೊಸದು ಹಾಕಿದಳು. ತಲೆ ತಗ್ಗಿಸಿದ ಮನುಷ್ಯ, ಬರೀ ಬೈತಲೆ ಕಾಣುತ್ತಿದೆ, ದೊಡ್ಡದಾಗಿ ಹೆಬ್ಬೆರಳು. ಬ್ರಾಂಚಿನವನಾಗಿದ್ದ ಕಾಲೇಜು ಹುಡುಗ ಅದನ್ನು ನೋಡಿ ತನ್ನ ಅರ್ಥ ನಿಲ್ಲಿಸಿದ. ಅವನಿಗೆ ಇನ್ನು ಮಾತು ಇರಲಿಲ್ಲ, ಇರಬಾರದಿತ್ತು ಕೂಡ. ಗುಳ್ಳೆ ಖಾಲಿಯೇ ಉಳಿಯಿತು. ಮದ್ದಳೆಯವರು ಒಂದು ಮೆಲ್ಲನೆಯ ಪೆಟ್ಟು ಕೊಟ್ಟು ಮುಗಿಸಿದರು.

ನಾನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಎಷ್ಟೋ ಸಲ ಹೋಗಿದ್ದೇನೆ. 1899ರಿಂದ ಸುಮಾರು ಎರಡು ವರ್ಷ ಇಟಲಿಯ ಕಲಾವಿದ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಆ ಚಿತ್ರಗಳಲ್ಲಿ ಅಲೋಶಿಯಸ್ ಅವರ ಬದುಕು ಛಾವಣಿಯ ಮೇಲೆ ಒಂದಾದ ಮೇಲೊಂದು ಸಾಗುತ್ತದೆ. ಕತ್ತು ನೋಯುವವರೆಗೆ ನೋಡುತ್ತೇವೆ. ಅದು ಮುಗಿದ ಚಿತ್ರ, ಅದರ ಸೊಬಗೇ ಬೇರೆ. ಆದರೆ ನೋಡುವವರು ಕೂತಲ್ಲಿಂದ ಹಾಗಲ್ಲ ಮಗಾ ಅಂದಾಗ ಬಿಡಿಸುವವರ ಪೆನ್ನು ತಿರುಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಲೆಕ್ಕ

ಮೇಜಿಗೆ 250 ರೂಪಾಯಿಯಂತೆ 18 ಮೇಜಿಗೆ 4,500. ಬಾಗಿಲಲ್ಲಿ ಇಟ್ಟ ಡಬ್ಬಕ್ಕೆ ಜನ ಹಾಕಿದ್ದು 3,150. ಒಟ್ಟು ಬಂದದ್ದು 7,650. ಖರ್ಚು: ಹಾಲ್ 5,000, ಮೇಜು ಮತ್ತು ಫ್ಯಾನ್ ಬಾಡಿಗೆ 1,800, ಚಾ ಮತ್ತು ಗೋಳಿಬಜೆ 2,200, ಪೋಸ್ಟರ್ 900, ಒಟ್ಟು 9,900. ಕಮ್ಮಿ ಬಿದ್ದದ್ದು 2,250, ಐದು ಜನ ತಲಾ 450 ಹಾಕಿ ಮುಗಿಸಿದೆವು. ಮಾರಾಟದಲ್ಲಿ ನಾವು ಪಾಲು ಕೇಳಲಿಲ್ಲ. ಅರ್ಥಧಾರಿಗಳೂ ಮದ್ದಳೆಯವರೂ ಸಂಭಾವನೆ ಬೇಡ ಅಂದರು, ಅದು ಅವರ ದೊಡ್ಡತನ. ಮುಂದಿನ ಸಲ ಅದನ್ನು ಖರ್ಚಿನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಈ ಲೆಕ್ಕ ಸರಿಯಾದ ಲೆಕ್ಕ ಅಲ್ಲ.

ಹುಡುಗಿ 80ರಲ್ಲಿ 61 ಮಾರಿದಳು, 50 ರೂಪಾಯಿಗೆ ಒಂದರಂತೆ 3,050. ಮುದ್ರಣ 1,440, ಮೇಜು 250, ಕೈಯಲ್ಲಿ ಉಳಿದದ್ದು 1,360. ಅದರಲ್ಲಿ 40ಕ್ಕೂ ಹೆಚ್ಚು ಪ್ರತಿ 4 ಗಂಟೆಯ ನಂತರ, ಅಂದರೆ ಆ ಬೈತಲೆ ಚಿತ್ರ ನೋಡಿದ ಮೇಲೆ ಹೋದದ್ದು. ಎಲ್ಲರಿಗೂ ಹೀಗಾಗಲಿಲ್ಲ. ಆರು ಮೇಜಿನವರಿಗೆ ಮೇಜಿನ ಬಾಡಿಗೆಯೂ ಹುಟ್ಟಲಿಲ್ಲ. ಕಿಟಕಿ ಪಕ್ಕದ ಇಬ್ಬರ ಪ್ರತಿಗಳಿಗೆ ಇರಚಲು ಹೊಡೆಯಿತು, ಅದು ನಾವು ಮೇಜು ಇಟ್ಟ ಜಾಗದ ತಪ್ಪು. ಪೂರ್ತಿ ಇಂಗ್ಲಿಷಿನಲ್ಲಿ ಮಾಡಿದವರದ್ದು ಕಾಲೇಜಿನ ಹುಡುಗರು ಕೊಂಡರು, ಮನೆಮಂದಿ ಜೊತೆ ಬಂದವರು ಕೊಳ್ಳಲಿಲ್ಲ.

ಇನ್ನೊಂದು ಸಂಗತಿ, ಚಿಕ್ಕದು, ಆದರೆ ಕಲಾವಿದರಿಗೆ ಬೇಕಾದದ್ದು. ಸಂಜೆ ಒಬ್ಬರು ಬಂದು ಪುಸ್ತಿಕೆಯನ್ನು ನಾವು ಹಾಕುತ್ತೇವೆ, 3,000 ಕೊಡುತ್ತೇವೆ, ಎಲ್ಲ ಹಕ್ಕು ನಮ್ಮದು ಅಂದರು. ಅವಳಿಗೆ ಖುಷಿಯಾಗಿ ಹೂಂ ಅನ್ನುವುದರಲ್ಲಿದ್ದಳು. ನಾವು ತಡೆದೆವು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೂ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಕಾಯಿದೆ ತಿಳಿದುಕೊಳ್ಳುತ್ತದೆ. ಹಾಗಾಗಿ ಕಾಗದ ನೋಡದೆ ಹೂಂ ಅನ್ನಬೇಡ, ಒಂದು ಸಲದ ಮುದ್ರಣಕ್ಕೆ ಒಪ್ಪಿಗೆ ಕೊಡಬಹುದು, ಅಜ್ಜಿಯನ್ನು ಪೂರ್ತಿ ಮಾರಬೇಡ ಅಂದೆವು. ಒಂದು ಸಲದ ಮಾತಿಗೆ ಅವರು ಒಪ್ಪಲಿಲ್ಲ, ಹೋದರು.

ಮಾರಾಟವಾಗದೆ ಉಳಿದದ್ದು 19. ಮರುದಿನ ಅವಳು 11ನೇ ಪುಟವನ್ನು ಹೊಸದಾಗಿ ಬಿಡಿಸಿದಳು. 16 ಪುಟದ ಪುಸ್ತಿಕೆಯಲ್ಲಿ 6ನೇ ಪುಟವೂ 11ನೇ ಪುಟವೂ ಹಾಳೆಯ ಒಂದೇ ಬದಿಯಲ್ಲಿ ಬರುತ್ತವೆ, ಎರಡೂ ಸೇರಿದರೆ 17, ಯಾವ ಹಾಳೆ ನೋಡಿದರೂ ಹೀಗೇ. ಆ ಒಂದು ಹಾಳೆ ಮಾತ್ರ ಮತ್ತೆ ಮಾಡಿಸಿದರೆ ಸಾಕು, 2 ರೂಪಾಯಿ. ಪಿನ್ನು ಬಿಚ್ಚಿ 19ಕ್ಕೂ ಹಾಳೆ ಬದಲಾಯಿಸಿದಳು. ಕೊಂಡುಹೋದ 61 ಜನರಲ್ಲಿ ಇದುವರೆಗೆ 22 ಜನ ಹುಡುಕಿಕೊಂಡು ಬಂದು ತಮ್ಮ ಹಾಳೆಯನ್ನೂ ಬದಲಾಯಿಸಿಕೊಂಡಿದ್ದಾರೆ. ಕೆಲವರು ಹಳೆಯದನ್ನೂ ಇಟ್ಟುಕೊಳ್ಳುತ್ತೇವೆ ಅಂದರು. ನಿಮ್ಮ ಬಳಿ ಆ ಪುಸ್ತಿಕೆ ಇದ್ದರೆ 11ನೇ ಪುಟ ತೆರೆದು ನೋಡಿ. ಬ್ರಾಂಚಿನವನು ಅಜ್ಜಿಯ ಮುಖ ನೋಡುತ್ತಿದ್ದರೆ ಅದು ಹಳೆಯ ಹಾಳೆ. ಈ ಜುಲೈ ಮೊದಲ ಭಾನುವಾರ ತನ್ನಿ, ಹೊಸ ಹಾಳೆ, ಸ್ಟೇಪ್ಲರ್ ಎರಡೂ ಡಬ್ಬದಲ್ಲಿ ಇರುತ್ತದೆ.